ಆಪರೇಷನ್ನಿಗೆ ಮುಂಚಿನ ಭಯವನ್ನು ಅಳೆಯುವುದು ಹೇಗೆ? ವಾರ್ಡಿನಲ್ಲಿ ಅಧ್ಯಯನ ಮಾಡುವವರಿಗೆ ಸಮಗ್ರ ಮಾರ್ಗದರ್ಶಿ

ಸಂಜೆ ಆರೂವರೆ ಇರಬಹುದು. ಹೆಂಗಸರ ಸರ್ಜರಿ ವಾರ್ಡು. ಮಾರನೇ ದಿನ ಪಿತ್ತಕೋಶದ ಆಪರೇಷನ್ ಇದ್ದ ಒಬ್ಬ ಅಜ್ಜಿಯ ಮಂಚದ ಪಕ್ಕ ನಿಂತು ನಮ್ಮ ವಿದ್ಯಾರ್ಥಿನಿ ಕೇಳಿದಳು, "ಶಸ್ತ್ರಚಿಕಿತ್ಸೆಯ ಬಗ್ಗೆ ನಿಮಗೆ ಆತಂಕವಿದೆಯೇ?" ಅಜ್ಜಿ ಮಗನ ಮುಖ ನೋಡಿದರು. ಮಗ, "ಏನಿಲ್ಲ ಮೇಡಂ, ನಮ್ಮಮ್ಮ ಗಟ್ಟಿಗಿತ್ತಿ" ಅಂದ. ಫಾರಂನಲ್ಲಿ ಭಯದ ನಾಲ್ಕೂ ಪ್ರಶ್ನೆಗಳ ಎದುರು '1' ಬಿತ್ತು. ಅಂದ್ರೆ ಭಯವೇ ಇಲ್ಲ ಅಂತ. ಅಜ್ಜಿಯ ಬೆರಳು ಮಾತ್ರ ಸೆರಗಿನ ತುದಿಯನ್ನು ಸುತ್ತುತ್ತಲೇ ಇತ್ತು.

ಮಗ ಊಟ ತರಲು ಕೆಳಗೆ ಹೋದ ಮೇಲೆ ನಾನು ಸ್ಟೂಲ್ ಎಳೆದುಕೊಂಡು ಕೂತೆ. "ಅಜ್ಜಿ, ನಾಳೇದು ನೆನೆಸ್ಕೊಂಡ್ರೆ ಹೆಂಗನ್ಸುತ್ತೆ?" ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಮತ್ತು ಕೊಟ್ಮೇಲೆ ತಿರುಗಿ ಕಣ್ ಬಿಡ್ತೀನೋ ಇಲ್ವೋ ಅಂತ ಮೂರು ದಿನದಿಂದ ನಿದ್ದೆ ಇಲ್ಲ ಕಣವ್ವ" ಅಂದರು.

ಆ ಫಾರಂ ಹಾಗೇ ಕಂಪ್ಯೂಟರಿಗೆ ಹೋಗಿದ್ದರೆ? ಲೆಕ್ಕ ಸರಿಯಾಗಿರುತ್ತಿತ್ತು, ಅಧ್ಯಯನ ಸುಳ್ಳಾಗಿರುತ್ತಿತ್ತು. ಎಂ.ಎಸ್ಸಿ. ನರ್ಸಿಂಗ್, ಅನಸ್ತೇಷಿಯಾ, ಸರ್ಜರಿ ಪಿಜಿ ಮಾಡುತ್ತಾ ಥೀಸಿಸ್ಸಿಗೆ ಈ ವಿಷಯ ಆರಿಸಿಕೊಂಡವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಕೇಳುವ ರೀತಿಯ ಬಗ್ಗೆ ಜಾಸ್ತಿ ಬರೆದಿದ್ದೇನೆ. ಏಕೆಂದರೆ ಹೆಚ್ಚಿನ ಅಧ್ಯಯನಗಳು ಹಾಳಾಗುವುದು ಅಲ್ಲೇ.

ಮೊದಲು, ಇದು ಬೇಕಾ?

ಬೇಕು. 1964ರಲ್ಲಿ ಬೋಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಎಗ್ಬರ್ಟ್ ಎಂಬ ಅರಿವಳಿಕೆ ತಜ್ಞರು ಮತ್ತು ಅವರ ಜೊತೆಗಾರರು ಹೊಟ್ಟೆಯ ಆಪರೇಷನ್ ಆಗಬೇಕಿದ್ದ 97 ಜನರನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿನವರ ಹತ್ತಿರ ಕೂತು, ನೋವು ಎಲ್ಲಿ ಬರುತ್ತದೆ, ಎಷ್ಟು ದಿನ ಇರುತ್ತದೆ, ಮೈ ಸಡಿಲ ಬಿಡುವುದು ಹೇಗೆ, ಹಾಸಿಗೆಯಲ್ಲಿ ಹೊರಳುವುದು ಹೇಗೆ ಅಂತ ಹೇಳಿಕೊಟ್ಟರು. ಇನ್ನೊಂದು ಗುಂಪಿಗೆ ಎಂದಿನ ಆರೈಕೆ. ಹೇಳಿಸಿಕೊಂಡವರಿಗೆ ಬೇಕಾದ ಮಾರ್ಫಿನ್ ಜಾತಿಯ ನೋವಿನ ಔಷಧ ಸುಮಾರು ಅರ್ಧಕ್ಕೆ ಇಳಿಯಿತು. ಅವರು ಸರಾಸರಿ 2.7 ದಿನ ಮೊದಲೇ ಮನೆಗೆ ಹೋದರು. ಡಿಸ್ಚಾರ್ಜ್ ಬರೆದ ಸರ್ಜನ್ನರಿಗೆ ಯಾರು ಯಾವ ಗುಂಪಿನವರು ಅಂತ ಗೊತ್ತಿರಲಿಲ್ಲ. ಖರ್ಚಾಗಿದ್ದು ಬರೀ ಮಾತು ಮತ್ತು ಸಮಯ.

ಆಮೇಲೆ ಇಂಥ ಅಧ್ಯಯನಗಳು ಸಾಕಷ್ಟು ಬಂದವು. ವೈದ್ಯಕೀಯ ಪುರಾವೆ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2016ರ ಪರಿಶೀಲನೆ 105 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿತು. ಮನಸ್ಸನ್ನು ಸಿದ್ಧಪಡಿಸಿದರೆ ನೋವು, ಚೇತರಿಕೆ, ಆಸ್ಪತ್ರೆಯಲ್ಲಿ ಉಳಿಯುವ ದಿನ ಇವಕ್ಕೆಲ್ಲ ಅನುಕೂಲ ಆಗಬಹುದು ಅಂತ ಕಂಡಿತು. ಆದರೆ ಪುರಾವೆಯ ಗುಣಮಟ್ಟ ಕಡಿಮೆ ಅಂತಲೂ ಹೇಳಿತು. ಸರಿಯಾಗಿ ಮಾಡಿದ ಅಧ್ಯಯನಕ್ಕೆ ಇನ್ನೂ ಜಾಗ ಇದೆ ಅಂತಾಯಿತು ಅಲ್ವಾ?

ಹಂತ 1: ಪ್ರಶ್ನೆಯನ್ನು ಚಿಕ್ಕದು ಮಾಡಿ

"ಆಪರೇಷನ್ ರೋಗಿಗಳ ಮಾನಸಿಕ ಆರೋಗ್ಯ" ಎನ್ನುವುದು ವಿಷಯದ ಹೆಸರು, ಪ್ರಶ್ನೆ ಅಲ್ಲ. ಪ್ರಶ್ನೆ ಹೀಗಿರಬೇಕು: ಮೊದಲೇ ದಿನ ನಿಗದಿಯಾದ ಹರ್ನಿಯಾ ಅಥವಾ ಪಿತ್ತಕೋಶದ ಆಪರೇಷನ್ನಿಗೆ ಬಂದ 18 ದಾಟಿದವರಲ್ಲಿ, ಹಿಂದಿನ ಸಂಜೆ ಹದಿನೈದು ನಿಮಿಷ ಕನ್ನಡದಲ್ಲಿ ವಿವರಿಸಿ ಹೇಳಿದರೆ, ಬೆಳಿಗ್ಗೆಯ ಹೊತ್ತಿಗೆ ಭಯದ ಅಂಕ ಎಂದಿನ ಆರೈಕೆ ಮಾತ್ರ ಸಿಕ್ಕವರಿಗಿಂತ ಹೆಚ್ಚು ಇಳಿಯುತ್ತದೆಯೇ? ಇದರಲ್ಲಿ ಯಾರು, ಏನು, ಯಾವಾಗ, ಯಾವುದರ ಜೊತೆ ಹೋಲಿಕೆ, ಎಲ್ಲವೂ ಬಂತು.

ಎಲ್ಲ ಆಪರೇಷನ್ನುಗಳನ್ನೂ ಒಂದೇ ಬುಟ್ಟಿಗೆ ಹಾಕಬೇಡಿ. ಸ್ತನ ತೆಗೆಸಿಕೊಳ್ಳುವವರ ಸಂಕಟ, ಸಕ್ಕರೆ ಕಾಯಿಲೆಯಿಂದ ಕಾಲು ಕಳೆದುಕೊಳ್ಳುವವರ ಸಂಕಟ, ಹರ್ನಿಯಾದವರ ಸಂಕಟ ಒಂದೇ ಅಲ್ಲ. ಮೊದಲಿನ ಇಬ್ಬರಿಗೆ ಭಯದ ಜೊತೆ ದುಃಖವೂ ಇರುತ್ತದೆ, ದೇಹ ಬದಲಾಗುವ ನೋವೂ ಇರುತ್ತದೆ. ಎಮರ್ಜೆನ್ಸಿ ಕೇಸುಗಳದ್ದು ಇನ್ನೊಂದೇ ಲೋಕ. ಮೊದಲ ಅಧ್ಯಯನಕ್ಕೆ ಒಂದೇ ಬಗೆಯ ಆಪರೇಷನ್ ಸಾಕು.

ಹೊಸದಾಗಿ ಯಾರನ್ನೂ ಮಾತಾಡಿಸದೆಯೂ ಒಳ್ಳೆಯ ಅಧ್ಯಯನ ಮಾಡಬಹುದು. 1984ರಲ್ಲಿ ಉಲ್ರಿಚ್ ಎಂಬುವರು ಅಮೆರಿಕದ ಪೆನ್ಸಿಲ್ವೇನಿಯಾದ ಒಂದು ಆಸ್ಪತ್ರೆಯ ಹಳೇ ದಾಖಲೆ ತೆಗೆದು ನೋಡಿದರು. ಪಿತ್ತಕೋಶದ ಆಪರೇಷನ್ ಆದ 23 ಜೋಡಿ ರೋಗಿಗಳು. ಜೋಡಿಯಲ್ಲಿ ಒಬ್ಬರ ಕಿಟಕಿಗೆ ಮರ ಕಾಣುತ್ತಿತ್ತು, ಇನ್ನೊಬ್ಬರಿಗೆ ಇಟ್ಟಿಗೆ ಗೋಡೆ. ಮರ ಕಂಡವರು ಬೇಗ ಮನೆಗೆ ಹೋಗಿದ್ದರು, ಬಲವಾದ ನೋವಿನ ಔಷಧ ಕಡಿಮೆ ಕೇಳಿದ್ದರು. ನಿಮ್ಮ ಆಸ್ಪತ್ರೆಯ ಕೇಸ್ ಶೀಟುಗಳು ಚೆನ್ನಾಗಿದ್ದರೆ ಈ ದಾರಿಯನ್ನೂ ಯೋಚಿಸಿ. ಇದಕ್ಕೂ ಎಥಿಕ್ಸ್ ಕಮಿಟಿಯ (ಅಧ್ಯಯನ ನ್ಯಾಯವಾಗಿದೆಯಾ ಅಂತ ನೋಡುವ ಸಮಿತಿ) ಅನುಮತಿ ಬೇಕು.

ಹಂತ 2: ಅಳತೆಗೋಲು ಆರಿಸಿ

ನೀವೇ ಹತ್ತು ಪ್ರಶ್ನೆ ಬರೆದು "ಪ್ರಶ್ನಾವಳಿ" ಅಂತ ಹೆಸರಿಡಬೇಡಿ. ಪರೀಕ್ಷೆಯಾಗಿ ಗೆದ್ದ ಅಳತೆಗೋಲುಗಳಿವೆ.

ಆಪರೇಷನ್ನಿಗೆ ಮುಂಚಿನ ಭಯಕ್ಕೆ ನನ್ನ ಮೊದಲ ಆಯ್ಕೆ ಎಪಿಎಐಎಸ್ (APAIS) ಎಂಬ ಪ್ರಶ್ನಾವಳಿ. 1996ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ತಯಾರಾಗಿದ್ದು. ಆರೇ ಪ್ರಶ್ನೆ. ಎರಡು ಅರಿವಳಿಕೆಯ ಭಯದ ಬಗ್ಗೆ, ಎರಡು ಆಪರೇಷನ್ನಿನ ಭಯದ ಬಗ್ಗೆ, ಉಳಿದೆರಡು "ನನಗೆ ಇನ್ನಷ್ಟು ತಿಳಿಯಬೇಕು" ಎನ್ನುವ ಬಗ್ಗೆ. ಪ್ರತಿಯೊಂದಕ್ಕೂ 1ರಿಂದ 5. ಭಯದ ನಾಲ್ಕು ಪ್ರಶ್ನೆ ಕೂಡಿದರೆ 4ರಿಂದ 20. 11 ಅಥವಾ ಅದಕ್ಕಿಂತ ಜಾಸ್ತಿ ಬಂದರೆ ಇವರಿಗೆ ಹೆಚ್ಚಿನ ಗಮನ ಬೇಕು ಅಂತ ಸಾಮಾನ್ಯವಾಗಿ ತೆಗೆದುಕೊಳ್ಳುತ್ತಾರೆ. ಎರಡು ನಿಮಿಷದಲ್ಲಿ ಮುಗಿಯುತ್ತದೆ. ಎನಿಮಾ, ಶೇವಿಂಗ್, ಡ್ರಿಪ್ ಅಂತ ಗಡಿಬಿಡಿ ಇರುವ ಸಂಜೆಯಲ್ಲಿ ಎರಡು ನಿಮಿಷ ಅನ್ನುವುದು ದೊಡ್ಡ ಗುಣ.

ಸ್ಪೀಲ್‌ಬರ್ಗರ್ ಅವರ ಎಸ್‌ಟಿಎಐ ಎಂಬ ಆತಂಕದ ಪ್ರಶ್ನಾವಳಿ ಹಳೆಯದು, ಹೆಸರಾದದ್ದು. 40 ಪ್ರಶ್ನೆ. ಇಪ್ಪತ್ತು "ಈಗ ಹೇಗಿದೆ" ಅಂತ, ಇಪ್ಪತ್ತು "ಸಾಮಾನ್ಯವಾಗಿ ನೀವು ಹೇಗೆ" ಅಂತ. ಇದಕ್ಕೆ ಪರವಾನಗಿ ಬೇಕು. ಎಚ್‌ಎಡಿಎಸ್ 1983ರದ್ದು. 14 ಪ್ರಶ್ನೆ, ಆತಂಕಕ್ಕೆ ಏಳು, ಖಿನ್ನತೆಗೆ ಏಳು. ಇದಕ್ಕೂ ಪರವಾನಗಿ ಬೇಕು. ಇದರ ಒಳ್ಳೆಯ ಗುಣ ಏನೆಂದರೆ ನಿದ್ದೆ, ಹಸಿವು, ಸುಸ್ತು ಇಂಥ ದೇಹದ ಲಕ್ಷಣಗಳನ್ನು ಬೇಕಂತಲೇ ಹೊರಗಿಟ್ಟಿದ್ದಾರೆ. ಪಿಎಚ್‌ಕ್ಯೂ-9 ಖಿನ್ನತೆ ಅಳೆಯುವಂಥದ್ದು, ಉಚಿತ, ಒಂಬತ್ತು ಪ್ರಶ್ನೆ, 0ರಿಂದ 27. ಆದರೆ ಅದು ನಿದ್ದೆ, ಹಸಿವು, ಸುಸ್ತು ಎಲ್ಲವನ್ನೂ ಕೇಳುತ್ತದೆ. ಹೊಟ್ಟೆ ಕೊಯ್ದು ಮೂರು ದಿನ ಆದವರಿಗೆ ಹಸಿವಿಲ್ಲದಿರುವುದು ಖಿನ್ನತೆಯಿಂದಲೋ, ಹೊಲಿಗೆಯಿಂದಲೋ?

ಇನ್ನೊಂದು ಮಾತು. ಪ್ರತಿ ಅಳತೆಗೋಲೂ ಒಂದು ಅವಧಿಯ ಬಗ್ಗೆ ಕೇಳುತ್ತದೆ. ಎಚ್‌ಎಡಿಎಸ್ ಕಳೆದ ಒಂದು ವಾರದ್ದು, ಪಿಎಚ್‌ಕ್ಯೂ-9 ಕಳೆದ ಎರಡು ವಾರದ್ದು. ಆಪರೇಷನ್ ಆದ ಮೂರನೇ ದಿನ ಪಿಎಚ್‌ಕ್ಯೂ-9 ಕೇಳಿ "ಆಪರೇಷನ್ ನಂತರದ ಖಿನ್ನತೆ" ಅಂತ ಬರೆದರೆ ತಪ್ಪು. ಅದರಲ್ಲಿ ಹನ್ನೊಂದು ದಿನ ಆಪರೇಷನ್ನಿಗೆ ಮುಂಚಿನದು.

ನಾಡಿ, ಬಿಪಿ ನೋಡಿ ಭಯ ಅಳೆಯುತ್ತೇವೆ ಎನ್ನುವವರಿದ್ದಾರೆ. ಜ್ವರ, ನೋವು, ನೀರು ಕುಡಿಯದೆ ಇದ್ದದ್ದು ಎಲ್ಲವೂ ನಾಡಿ ಏರಿಸುತ್ತದೆ. ಬರೆದಿಟ್ಟುಕೊಳ್ಳಿ, ಅದನ್ನೇ ಭಯ ಅನ್ನಬೇಡಿ.

ಹಂತ 3: ಕನ್ನಡಕ್ಕೆ ತರುವುದು

ಇಲ್ಲಿ ನಿಧಾನ ಮಾಡಿ. ತಿಂಗಳು ಹೋದರೂ ಪರವಾಗಿಲ್ಲ.

ಮೊದಲು ಆ ಅಳತೆಗೋಲಿನ ಕನ್ನಡ ರೂಪ ಈಗಾಗಲೇ ಇದೆಯಾ ಹುಡುಕಿ. ಇದ್ದರೆ ಅದನ್ನೇ ಬಳಸಿ, ಅನುಮತಿ ಕೇಳಿ. ಇಲ್ಲದಿದ್ದರೆ ಕ್ರಮ ಹೀಗೆ: ಇಬ್ಬರು ಬೇರೆಬೇರೆಯಾಗಿ ಕನ್ನಡಕ್ಕೆ ತರಬೇಕು, ಅವರಲ್ಲಿ ಒಬ್ಬರಾದರೂ ವೈದ್ಯಕೀಯದವರು ಆಗಿರಬಾರದು. ಎರಡನ್ನೂ ಕೂಡಿಸಿ ಒಂದು ಮಾಡಿ. ಮೂಲ ನೋಡಿರದ ಮೂರನೆಯವರು ಅದನ್ನು ತಿರುಗಿ ಇಂಗ್ಲಿಷಿಗೆ ತರಬೇಕು. ಎಲ್ಲರೂ ಕೂತು ಎಲ್ಲಿ ಅರ್ಥ ಜಾರಿದೆ ಅಂತ ನೋಡಬೇಕು. ಆಮೇಲೆ ವಾರ್ಡಿನ ಹತ್ತಿಪ್ಪತ್ತು ರೋಗಿಗಳಿಗೆ ಓದಿ, "ಇದರಲ್ಲಿ ನಾನು ಏನು ಕೇಳಿದೆ ಅಂತ ನಿಮ್ಮ ಮಾತಲ್ಲಿ ಹೇಳಿ" ಅನ್ನಬೇಕು. ಈ ಕೊನೆಯದನ್ನು ಬಿಟ್ಟರೆ ಮೊದಲಿನದೆಲ್ಲ ವ್ಯರ್ಥ.

ಎಚ್‌ಎಡಿಎಸ್‌ನಲ್ಲಿ ಹೊಟ್ಟೆಯೊಳಗೆ ಚಿಟ್ಟೆ ಹಾರಾಡಿದಂಥ ಭಯ ಅಂತ ಒಂದು ಸಾಲಿದೆ. ಅದು ಇಂಗ್ಲಿಷಿನವರ ಮಾತು. ಅದನ್ನು ಹಾಗೇ ಕೇಳಿದರೆ ನಮ್ಮ ರೋಗಿಗೆ ಹೊಟ್ಟೆಯಲ್ಲಿ ಹುಳ ಇದೆಯಾ ಅಂತ ಕೇಳಿದ ಹಾಗೆ ಆಗುತ್ತದೆ. ನಮ್ಮಲ್ಲಿ ಎದೆ ಡವಡವ ಅನ್ನುತ್ತದೆ, ಎದೆ ಧಸಕ್ ಅನ್ನುತ್ತದೆ, ಹೊಟ್ಟೆ ತೊಳಸುತ್ತದೆ, ಕೈಕಾಲು ತಣ್ಣಗಾಗುತ್ತದೆ. ಯಾವುದು ಮೂಲದ ಅರ್ಥಕ್ಕೆ ಹತ್ತಿರ ಅಂತ ರೋಗಿಗಳೇ ತೋರಿಸಿಕೊಡುತ್ತಾರೆ.

"ಆತಂಕ" ಎನ್ನುವ ಪದವನ್ನು ಪತ್ರಿಕೆ ಓದುವವರು ಬಲ್ಲರು. ಮಂಡ್ಯದ ಕಡೆಯವರು ದಿಗಿಲು, ಗಾಬರಿ ಅನ್ನಬಹುದು. ಧಾರವಾಡದ ಕಡೆ ಅಂಜಿಕಿ. ಮಂಗಳೂರು, ಕುಂದಾಪುರದ ಕಡೆ ಹೆದರಿಕೆ, ಚಿಂತೆಗೆ ಮಂಡೆಬಿಸಿ. ನಿಮ್ಮ ಆಸ್ಪತ್ರೆಗೆ ಯಾವ ಸೀಮೆಯವರು ಬರುತ್ತಾರೋ ಆ ಮಾತು ಇಡಿ. ಒಂದೇ ಪ್ರಶ್ನೆಯಲ್ಲಿ "ಭಯ ಅಥವಾ ಗಾಬರಿ" ಅಂತ ಎರಡು ಸೇರಿಸುವ ಮುಂಚೆ, ಅವೆರಡೂ ಆ ಊರಿನಲ್ಲಿ ಒಂದೇನಾ ಅಂತ ಕೇಳಿ. ತುಳು, ಉರ್ದು, ಲಂಬಾಣಿ ಮನೆಮಾತಿನವರಿಗೆ ಕನ್ನಡ ಎಷ್ಟು ಬರುತ್ತದೆ ಅಂತಲೂ ಮೊದಲೇ ನಿರ್ಧರಿಸಿ. ಅವರನ್ನು ಸುಮ್ನೆ ಬಿಟ್ಟುಬಿಟ್ಟರೆ ನಿಮ್ಮ ಫಲಿತಾಂಶ ಯಾರಿಗೆ ಅನ್ವಯ ಅಂತ ಬರೆಯಬೇಕಾಗುತ್ತದೆ.

ಎಪಿಎಐಎಸ್‌ನಲ್ಲಿ "ಅರಿವಳಿಕೆಯ ವಿಚಾರ ಸದಾ ನನ್ನ ಮನಸ್ಸಿನಲ್ಲಿದೆ" ಎಂಬರ್ಥದ ಸಾಲಿದೆ. "ಅದೇ ತಲೇಲಿ ಓಡ್ತಾ ಇರುತ್ತೆ" ಅಂದರೆ ತಕ್ಷಣ ಅರ್ಥವಾಗುತ್ತದೆ. ಆದರೆ ಅದಕ್ಕೂ ಮುಂಚೆ ಒಂದು ತೊಡಕು. ಎಷ್ಟೋ ಜನರಿಗೆ ಅರಿವಳಿಕೆ ಬೇರೆ, ಆಪರೇಷನ್ ಬೇರೆ ಅಂತ ಇರುವುದೇ ಇಲ್ಲ. "ಮೊದಲು ಮತ್ತು ಬರಿಸುತ್ತಾರೆ ಇಲ್ಲವೇ ಬೆನ್ನಿಗೆ ಇಂಜೆಕ್ಷನ್ ಕೊಡುತ್ತಾರೆ, ಆಮೇಲೆ ಆಪರೇಷನ್ ಮಾಡುತ್ತಾರೆ. ಮೊದಲು ಆ ಮತ್ತಿನ ಬಗ್ಗೆ ಕೇಳ್ತೀನಿ" ಅಂತ ಎಲ್ಲರಿಗೂ ಒಂದೇ ವಾಕ್ಯ ಹೇಳಿ. ಆ ವಾಕ್ಯ ಫಾರಂ ಮೇಲೆ ಅಚ್ಚಾಗಿರಲಿ, ಬಾಯಿಪಾಠದಲ್ಲಿ ಬದಲಾಗದಿರಲಿ.

1ರಿಂದ 5 ಅಂತ ಅಂಕ ಕೊಡುವುದು ಶಾಲೆಗೆ ಹೋಗದವರಿಗೆ ಕಷ್ಟ. ನಾವು ಐದು ಲೋಟದ ಚಿತ್ರ ಮಾಡಿಸಿದೆವು. ಮೊದಲನೆಯದು ಖಾಲಿ, ಕೊನೆಯದು ತುಂಬಿ ತುಳುಕುತ್ತಿದೆ. ಬೆರಳಿಟ್ಟು ತೋರಿಸುತ್ತಾರೆ. ಹೀಗೆ ಚಿತ್ರ ಸೇರಿಸಿದರೆ ಅದನ್ನೂ ಮೊದಲು ಪರೀಕ್ಷಿಸಿ, ಥೀಸಿಸ್ಸಿನಲ್ಲಿ ಹೇಳಿ.

ಹಂತ 4: ಎಷ್ಟು ಜನ ಬೇಕು?

"ಮೂವತ್ತು ಮೂವತ್ತು ಸಾಕು" ಎನ್ನುವ ಮಾತು ನಂಬಬೇಡಿ. ಲೆಕ್ಕ ಹಾಕಿ. ನೂರಕ್ಕೆ ಎಷ್ಟು ಜನರಿಗೆ ಹೆಚ್ಚು ಭಯ ಇದೆ ಅಂತ ಮಾತ್ರ ನೋಡುವುದಾದರೆ, ಅಂದಾಜು 50 ಶೇಕಡಾ ಅಂದುಕೊಂಡು, 10 ಅಂಶ ಆಚೀಚೆ ಒಪ್ಪಿಕೊಂಡರೆ 97 ಜನ ಬೇಕು. ಎರಡು ಗುಂಪು ಹೋಲಿಸುವುದಾದರೆ, ಎಪಿಎಐಎಸ್ ಅಂಕದ ಸ್ಟ್ಯಾಂಡರ್ಡ್ ಡೀವಿಯೇಷನ್ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎನ್ನುವ ಅಳತೆ) 4 ಅಂತಿರಲಿ, ನೀವು ಹಿಡಿಯಬೇಕೆಂದಿರುವ ವ್ಯತ್ಯಾಸ 2 ಅಂಕ ಅಂತಿರಲಿ. 80 ಶೇಕಡಾ ಪವರ್ (ವ್ಯತ್ಯಾಸ ನಿಜವಾಗಿಯೂ ಇದ್ದರೆ ಅದು ಕಾಣಿಸುವ ಸಾಧ್ಯತೆ) ಇಟ್ಟರೆ ಒಂದೊಂದು ಗುಂಪಿಗೆ 63. ಹತ್ತರಲ್ಲಿ ಒಬ್ಬರು ಮಧ್ಯೆ ಬಿಟ್ಟುಹೋಗುತ್ತಾರೆ ಅಂತ ಹಿಡಿದರೆ 70. ಈ 4 ಮತ್ತು 2 ಬರೀ ಉದಾಹರಣೆ. ನಿಮ್ಮ ಸಂಖ್ಯೆ ನಿಮ್ಮಂಥ ವಾರ್ಡಿನ ಹಿಂದಿನ ಅಧ್ಯಯನದಿಂದ ಅಥವಾ ನೀವು ಮೊದಲು ಸಣ್ಣದಾಗಿ ಮಾಡಿ ನೋಡಿದ ಪೈಲಟ್‌ನಿಂದ ಬರಬೇಕು. ಸ್ಟ್ಯಾಟಿಸ್ಟಿಕ್ಸ್‌ನವರ ಹತ್ತಿರ ಡೇಟಾ ಬಂದ ಮೇಲೆ ಓಡಬೇಡಿ, ಈಗಲೇ ಹೋಗಿ.

ಹಂತ 5: ಅನುಮತಿ ಮತ್ತು ನೋಂದಣಿ

ಭಾರತದಲ್ಲಿ ಇದಕ್ಕೆ ಆಧಾರ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿ. ಎಥಿಕ್ಸ್ ಕಮಿಟಿಗೆ ಪ್ರೊಟೊಕಾಲ್ (ಅಧ್ಯಯನದ ಪೂರ್ತಿ ಯೋಜನೆ), ಕನ್ನಡದ ಮಾಹಿತಿ ಪತ್ರ, ಒಪ್ಪಿಗೆ ಪತ್ರ, ಪ್ರಶ್ನಾವಳಿ ಎಲ್ಲ ಕೊಡಬೇಕು. ಕಮಿಟಿಯಲ್ಲಿ ವೈದ್ಯರಲ್ಲದ ಸಾಮಾನ್ಯ ಸದಸ್ಯರೂ ಇರುತ್ತಾರೆ. ನಿಮ್ಮ ಕನ್ನಡ ಪತ್ರವನ್ನು ಅವರ ಕಣ್ಣಲ್ಲಿ ಒಮ್ಮೆ ಓದಿ ನೋಡಿ.

ರೋಗಿಗೆ ಏನಾದರೂ ಹೊಸದಾಗಿ ಕೊಟ್ಟು ಪರಿಣಾಮ ನೋಡುವುದಾದರೆ, ಅದು ಬರೀ ಮಾತೇ ಆಗಿರಲಿ, ಸಂಗೀತವೇ ಆಗಿರಲಿ, ಸಿಟಿಆರ್‌ಐನಲ್ಲಿ ನೋಂದಾಯಿಸಿ. 2007ರಲ್ಲಿ ಶುರುವಾದ, ವೈದ್ಯಕೀಯ ಪ್ರಯೋಗಗಳ ರಾಷ್ಟ್ರೀಯ ನೋಂದಣಿ ಇದು, ಶುಲ್ಕವಿಲ್ಲ. 2018ರ ಏಪ್ರಿಲ್ 1ರಿಂದ ಮೊದಲ ರೋಗಿಯನ್ನು ಸೇರಿಸುವ ಮುಂಚೆ ಮಾಡಿದ ನೋಂದಣಿಗೆ ಮಾತ್ರ ಅವಕಾಶ. ನೋಂದಣಿ ಸಂಖ್ಯೆ ಕೈಗೆ ಬರಲು ವಾರಗಳು ಹಿಡಿಯಬಹುದು. ಒಬ್ಬ ವಿದ್ಯಾರ್ಥಿ "ಆಮೇಲೆ ಮಾಡ್ತೀನಿ" ಅಂತ ಬಿಟ್ಟು, ಇಪ್ಪತ್ತೆರಡು ರೋಗಿಗಳ ಡೇಟಾ ಪಕ್ಕಕ್ಕಿಟ್ಟು ಮತ್ತೆ ಮೊದಲಿಂದ ಶುರು ಮಾಡಿದ್ದನ್ನು ನೋಡಿದ್ದೇನೆ. ಆ ಇಪ್ಪತ್ತೆರಡು ಜನರೂ ತಮ್ಮ ಸಂಕಟ ಹೇಳಿಕೊಂಡಿದ್ದರು. ಅದು ನನಗೆ ಇನ್ನೂ ಬೇಜಾರು.

ಹಂತ 6: ಒಪ್ಪಿಗೆ ಕೇಳುವುದು

ನಾಳೆ ಆಪರೇಷನ್ ಇರುವವರು ಆಸ್ಪತ್ರೆಯವರು ಏನು ಕೇಳಿದರೂ "ಆಯ್ತು" ಅನ್ನುತ್ತಾರೆ. ಬೇಡ ಅಂದರೆ ಆಪರೇಷನ್ ಮುಂದೆ ಹಾಕುತ್ತಾರೇನೋ ಎನ್ನುವ ಹೆದರಿಕೆ ಅವರಿಗೆ. ಆದ್ದರಿಂದ ಮೊದಲ ವಾಕ್ಯವೇ ಇದಾಗಿರಲಿ: "ನೀವು ಬೇಡ ಅಂದ್ರೂ ನಾಳೆ ಆಪರೇಷನ್ ಆಗುತ್ತೆ, ನೋಡಿಕೊಳ್ಳುವುದರಲ್ಲಿ ಏನೂ ಕಡಿಮೆ ಆಗಲ್ಲ." ಒಪ್ಪಿಗೆ ಕೇಳುವವರು ಆಪರೇಷನ್ ಮಾಡುವವರೇ ಆಗಿರಬಾರದು. ಸಾಧ್ಯವಾದರೆ ಬಿಳಿ ಕೋಟು ತೆಗೆದಿಟ್ಟು ಹೋಗಿ.

ಆಪರೇಷನ್ನಿನ ಒಪ್ಪಿಗೆಗೆ ಸಹಿ ಹಾಕಿಸುವ ಹೊತ್ತಿನಲ್ಲೇ ಇದನ್ನೂ ಮುಂದಿಡಬೇಡಿ. ಎರಡೂ ಒಂದೇ ಕಾಗದ ಅಂದುಕೊಳ್ಳುತ್ತಾರೆ. ಸ್ವಂತ ಬುದ್ಧಿಯಿಂದ ನಿರ್ಧರಿಸಬಲ್ಲ ವಯಸ್ಕರ ಪರವಾಗಿ ಗಂಡನೋ ಮಗನೋ ಸಹಿ ಹಾಕುವಂತಿಲ್ಲ. ಓದಲು ಬಾರದವರಿಗೆ ಪೂರ್ತಿ ಓದಿ ಹೇಳಿ, ಹೆಬ್ಬೆಟ್ಟು ಒತ್ತಿಸಿಕೊಳ್ಳುವಾಗ ಅಧ್ಯಯನಕ್ಕೆ ಸಂಬಂಧವಿಲ್ಲದ, ಓದುಬಲ್ಲ ಸಾಕ್ಷಿ ಇರಬೇಕು. ಒಂದು ಪ್ರತಿ ರೋಗಿಯ ಕೈಗೆ.

ಹಂತ 7: ಕಷ್ಟ ಕಂಡರೆ ಏನು ಮಾಡುವುದು, ಮೊದಲೇ ಬರೆದಿಡಿ

ಪಿಎಚ್‌ಕ್ಯೂ-9ರ ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆ, ತನಗೆ ತಾನೇ ನೋವು ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಆ ಸಾಲಿನಲ್ಲಿ 0 ಬಿಟ್ಟು ಬೇರೇನೇ ಬಂದರೂ ಫಾರಂ ಮಡಚಿ ಮುಂದಿನ ಮಂಚಕ್ಕೆ ಹೋಗುವಂತಿಲ್ಲ. ಆಗ ಅವರ ಜೊತೆ ಯಾರಿರುತ್ತಾರೆ, ಡ್ಯೂಟಿ ಡಾಕ್ಟರಿಗೆ ಯಾರು ಹೇಳುತ್ತಾರೆ, ಅದೇ ದಿನ ನೋಡುವ ಮನೋವೈದ್ಯರು ಯಾರು, ರಾತ್ರಿ ಆದರೆ ಯಾರು? ಹೆಸರು, ಫೋನ್ ಸಮೇತ ಒಂದು ಹಾಳೆಯಲ್ಲಿ ಬರೆದು ಸಿಸ್ಟರ್ ಟೇಬಲ್ಲಿನ ಮೇಲೆ ಇಡಿ. ಡಿಸ್ಚಾರ್ಜ್ ಆಗುವವರಿಗೆ ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆ ಕೊಡಿ. ಈ ಸೇವೆ 2022ರ ಅಕ್ಟೋಬರಿನಲ್ಲಿ ಶುರುವಾಯಿತು, ಕನ್ನಡದಲ್ಲೂ ಮಾತಾಡುತ್ತಾರೆ.

ಎಪಿಎಐಎಸ್‌ನಲ್ಲಿ ಜಾಸ್ತಿ ಅಂಕ ಬಂದವರ ವಿಷಯವನ್ನೂ, ಅವರ ಒಪ್ಪಿಗೆ ಪಡೆದು, ಅನಸ್ತೇಷಿಯಾದವರಿಗೆ ತಿಳಿಸುವ ವ್ಯವಸ್ಥೆ ಇರಲಿ. ಭಯ ಕೇಳಿ ತಿಳಿದುಕೊಂಡು ಸುಮ್ಮನಿರುವುದು ನ್ಯಾಯವಲ್ಲ.

ಹಂತ 8: ವಾರ್ಡಿನ ದಿನ

ಎಲ್ಲರನ್ನೂ ಒಂದೇ ಹೊತ್ತಿಗೆ ಕೇಳಿ. ಹಿಂದಿನ ಸಂಜೆ ಐದರಿಂದ ಏಳು ಅಂತ ಇಟ್ಟುಕೊಂಡರೆ ಅಷ್ಟೇ. ರಾತ್ರಿ ನಿದ್ದೆಗೆ ಅಲ್ಪ್ರಜೋಲಾಮ್ ಮಾತ್ರೆ ಕೊಡುವ ರೂಢಿ ಇದ್ದರೆ ಅದಕ್ಕೆ ಮುಂಚೆ ಕೇಳಿ. ಬೆಳಿಗ್ಗೆ ಎರಡನೇ ಸಲ ಕೇಳುವಾಗ ಮಾತ್ರೆ ಯಾವಾಗ ಕೊಟ್ಟರು, ಎಷ್ಟು ಅಂತ ಬರೆದುಕೊಳ್ಳಿ. ಇಲ್ಲದಿದ್ದರೆ ಮಾತ್ರೆಯ ಗುಣವನ್ನು ನಿಮ್ಮ ಮಾತಿನ ಗುಣ ಅಂದುಕೊಳ್ಳುತ್ತೀರಿ.

ಆಪರೇಷನ್ ಥಿಯೇಟರಿನ (ಓಟಿ) ಲಿಸ್ಟಿನಲ್ಲಿ ಎಷ್ಟನೆಯವರು ಅಂತಲೂ ಬರೆಯಿರಿ. ಮೊದಲನೆಯವರು ಎಂಟಕ್ಕೆ ಒಳಗೆ ಹೋಗುತ್ತಾರೆ. ಕೊನೆಯವರು ಬಾಯಿ ಒಣಗಿಸಿಕೊಂಡು ಮಧ್ಯಾಹ್ನ ಮೂರರವರೆಗೂ ಬಾಗಿಲು ನೋಡುತ್ತಿರುತ್ತಾರೆ. ಕೇಸ್ ಮುಂದೆ ಹೋದವರದ್ದು ಇನ್ನೊಂದು ಪಾಡು. ಎರಡು ಸಲ ಧೈರ್ಯ ತಂದುಕೊಳ್ಳಬೇಕು. ಇಂಥವರನ್ನು ಲೆಕ್ಕಕ್ಕೆ ಹೇಗೆ ಹಿಡಿಯುತ್ತೀರಿ ಅಂತ ಪ್ರೊಟೊಕಾಲಿನಲ್ಲೇ ಹೇಳಿ.

ಮನೆಯವರನ್ನು ಹತ್ತು ನಿಮಿಷ ಹೊರಗೆ ಕಳಿಸುವುದು ಒಂದು ಕಲೆ. "ನೀವು ಹೊರಗೆ ಹೋಗಿ" ಅಂದರೆ ಇಬ್ಬರಿಗೂ ಗಾಬರಿ. "ಎಲ್ಲರನ್ನೂ ಒಬ್ಬೊಬ್ಬರಾಗಿ ಮಾತಾಡಿಸ್ತೀವಿ, ಆಮೇಲೆ ನಿಮ್ಮ ಹತ್ರಾನೂ ಬರ್ತೀನಿ" ಅಂದರೆ ಒಪ್ಪುತ್ತಾರೆ. ಆಮೇಲೆ ನಿಜವಾಗಿಯೂ ಅವರ ಹತ್ತಿರ ಹೋಗಿ. ನಿಂತು ಕೇಳಬೇಡಿ, ಕೂತು ಕೇಳಿ. ಉತ್ತರ ಬರುವವರೆಗೆ ಕಾಯಿರಿ. ಹೇಳಿದ ಉತ್ತರಕ್ಕೆ "ಭಯ ಯಾಕೆ, ಏನೂ ಆಗಲ್ಲ" ಅಂತ ಅಳತೆ ಮುಗಿಯುವವರೆಗೂ ಹೇಳಬೇಡಿ. ಹಾಗೆ ಅಂದ ಕೂಡಲೇ ಮುಂದಿನ ಅಂಕಗಳೆಲ್ಲ ಇಳಿಯುತ್ತವೆ.

ಹಂತ 9: ಗುಂಪು ಮಾಡಿ ವಿವರಿಸುವುದು

ಯಾರು ಯಾವ ಗುಂಪು ಅಂತ ಕಂಪ್ಯೂಟರ್ ಪಟ್ಟಿ ಹೇಳಬೇಕು. ಸಂಖ್ಯೆ ಬರೆದ, ಒಳಗಿನದು ಕಾಣದ, ಅಂಟಿಸಿದ ಕವರಿನಲ್ಲಿ ಇಟ್ಟು, ರೋಗಿ ಒಪ್ಪಿದ ಮೇಲೆ, ಮೊದಲ ಸಲದ ಅಳತೆ ಮುಗಿದ ಮೇಲೆ ಒಡೆಯಿರಿ. ವಿವರಿಸುವವರೇ ಬೆಳಿಗ್ಗೆ ಅಂಕ ಕೇಳಬಾರದು. ಗುಂಪು ಯಾವುದು ಅಂತ ಗೊತ್ತಿಲ್ಲದ ಇನ್ನೊಬ್ಬರು ಕೇಳಬೇಕು.

ಆದರೆ ಜನರಲ್ ವಾರ್ಡಿನಲ್ಲಿ ಹನ್ನೆರಡನೇ ಮಂಚದವರಿಗೆ ಹೇಳಿದ್ದು ರಾತ್ರಿಯೊಳಗೆ ಹದಿಮೂರಕ್ಕೆ ಮುಟ್ಟಿರುತ್ತದೆ. "ಬೆನ್ನಿಗೆ ಇಂಜೆಕ್ಷನ್ ಕೊಡುವಾಗ ಬಗ್ಗಿ ಕೂರ್ಬೇಕಂತೆ, ಇರುವೆ ಕಚ್ಚಿದಂಗೆ ಅಂತೆ" ಅಂತ ಅವರೇ ಪಾಠ ಮಾಡಿಬಿಡುತ್ತಾರೆ. ರೋಗಿಗಳಿಗೆ ಇದು ಒಳ್ಳೆಯದೇ, ನಿಮ್ಮ ಹೋಲಿಕೆ ಮಾತ್ರ ಮಸುಕಾಗುತ್ತದೆ. ವಾರಕ್ಕೊಂದು ಗುಂಪು ಅಂತ ಮಾಡುವ ದಾರಿ ಇದೆ. ಆಗ ರೋಗಿಗಳ ಸಂಖ್ಯೆ ಜಾಸ್ತಿ ಬೇಕು, ಲೆಕ್ಕದ ರೀತಿಯೂ ಬೇರೆ.

ಏನು ಹೇಳಬೇಕು? ಓಟಿಗೆ ಯಾವ ದಾರಿಯಲ್ಲಿ ಕರೆದೊಯ್ಯುತ್ತಾರೆ, ಒಳಗೆ ಚಳಿ ಇರುತ್ತದೆ, ಮುಖಕ್ಕೆ ಮಾಸ್ಕ್ ಬರುತ್ತದೆ, ಎಚ್ಚರವಾದಾಗ ಗಂಟಲು ಕೆರೆಯಬಹುದು, ನೋವಿಗೆ ಔಷಧ ಕೇಳಬಹುದು, ಯಾವಾಗ ನೀರು ಕುಡಿಯಬಹುದು. ಬೆನ್ನಿಗೆ ಇಂಜೆಕ್ಷನ್ ಕೊಟ್ಟರೆ ಜೀವನಪೂರ್ತಿ ಸೊಂಟನೋವು ಅಂತ ಊರಲ್ಲಿ ಹೇಳಿರುತ್ತಾರೆ, ಅದಕ್ಕೆ ನೇರವಾಗಿ ಉತ್ತರಿಸಿ. ಹೇಳುವುದನ್ನು ಬರೆದಿಟ್ಟುಕೊಂಡು ಎಲ್ಲರಿಗೂ ಒಂದೇ ರೀತಿ ಹೇಳಿ. ಹೋಲಿಕೆಯ ಗುಂಪಿಗೆ ಎಂದಿನ ಮಾಹಿತಿ ಕಡಿಮೆಯಾಗಬಾರದು, ಅವರು ಪ್ರಶ್ನೆ ಕೇಳಿದರೆ ಉತ್ತರ ಕೊಡಲೇಬೇಕು.

ಹಂತ 10: ಲೆಕ್ಕ ಮತ್ತು ಬರವಣಿಗೆ

ಹೆಸರು, ಐಪಿ ನಂಬರ್ ಡೇಟಾ ಹಾಳೆಯಲ್ಲಿ ಬೇಡ, ಕೋಡ್ ಸಾಕು. ಹೆಸರಿನ ಪಟ್ಟಿ ಬೇರೆ ಬೀರುವಿನಲ್ಲಿ ಇರಲಿ. ಯಾವ ಅಂಕ ಮುಖ್ಯ, ಯಾವ ಪರೀಕ್ಷೆ ಹಾಕುತ್ತೀರಿ ಅಂತ ಮೊದಲೇ ಬರೆದಿರುವುದನ್ನು ಆಮೇಲೆ ಬದಲಾಯಿಸಬೇಡಿ. ಮಧ್ಯೆ ಬಿಟ್ಟವರನ್ನು ಅವರವರ ಗುಂಪಿನಲ್ಲೇ ಎಣಿಸಿ. ಎಷ್ಟು ಜನರನ್ನು ಕೇಳಿದಿರಿ, ಎಷ್ಟು ಜನ ಬೇಡ ಅಂದರು ಅಂತ ಬರೆಯಿರಿ. ತುಂಬಾ ಹೆದರಿದವರೇ ಬೇಡ ಅಂದಿರಬಹುದು. ವರದಿ ಬರೆಯಲು ಪ್ರಯೋಗವಾದರೆ ಕನ್ಸಾರ್ಟ್, ಬರೀ ಗಮನಿಸುವ ಅಧ್ಯಯನವಾದರೆ ಸ್ಟ್ರೋಬ್ ಪಟ್ಟಿ (ವರದಿಯಲ್ಲಿ ಏನೇನು ಇರಬೇಕು ಅಂತ ಹೇಳುವ ಪಟ್ಟಿಗಳು ಇವು) ಪಕ್ಕದಲ್ಲಿಟ್ಟುಕೊಳ್ಳಿ. ವ್ಯತ್ಯಾಸ ಬರಲಿಲ್ಲ ಅಂದರೆ ಬರಲಿಲ್ಲ ಅಂತಲೇ ಬರೆಯಿರಿ.

ಥೀಸಿಸ್ ಒಪ್ಪಿಸಿದ ವಾರವೇ ಒಂದು ಪುಟದ ಕನ್ನಡ ಸಾರಾಂಶ ಮಾಡಿ ವಾರ್ಡಿಗೆ ಕೊಡಿ. ನಮ್ಮ ವಿದ್ಯಾರ್ಥಿನಿ ಹಾಗೆ ಮಾಡಿದಳು. ರೋಗಿಗಳು ಜಾಸ್ತಿ ಕೇಳಿದ ಹನ್ನೊಂದು ಪ್ರಶ್ನೆ, ಅದಕ್ಕೆ ಅನಸ್ತೇಷಿಯಾದವರು ಒಪ್ಪಿದ ಉತ್ತರ, ದಪ್ಪ ಅಕ್ಷರದಲ್ಲಿ. ಮೊದಲನೇ ಪ್ರಶ್ನೆ ಅಜ್ಜಿಯದು: ಮತ್ತು ಕೊಟ್ಟ ಮೇಲೆ ತಿರುಗಿ ಕಣ್ಣು ಬಿಡ್ತೀನಾ? ಸಿಸ್ಟರ್‌ಗಳು ಅದನ್ನು ಲ್ಯಾಮಿನೇಟ್ ಮಾಡಿಸಿ ನೀರಿನ ಫಿಲ್ಟರ್ ಪಕ್ಕದ ಗೋಡೆಗೆ ಹಾಕಿದ್ದಾರೆ. ನೀರು ಹಿಡಿಯಲು ಬಂದ ಮನೆಯವರು ಬಾಟಲಿ ತುಂಬುವವರೆಗೆ ನಿಂತು ಓದುತ್ತಾರೆ.